ಬೈಕಿನ ಮೈಮೇಲೆ ಕೆಂಪು ಚೀಟಿ

ಭಾನುವಾರ, ಸಂಜೆ

ನನ್ನ ಮನೆಯೊಡತಿಗೆ,

ನಾನು ಕ್ಷೇಮ. ನೀನೂ ನಿನ್ನ ಆಸ್ಪತ್ರೆಯ ವಾರ್ಡಿನವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರಗಳಿಗೆ ಉತ್ತರ ಬರೆಯಲು ಇಷ್ಟು ತಡವಾಯಿತೆಂದು ನನ್ನನ್ನು ಬೈಯಬೇಡ. ಬೈಯಲೇಬೇಕೆಂದಿದ್ದರೆ ನಿನ್ನ ಬಾಲ್ಯದ ಗೆಳೆಯ ಬುಗುರಿಯನ್ನು ಬೈ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನಾನು ಅವನ ಮಾತೆತ್ತಿದ ಕೂಡಲೇ ನೀನು ನಗುತ್ತೀಯ, ನಾನು ರೇಗುತ್ತೇನೆ, ಅಷ್ಟರಲ್ಲಿ ನಿನ್ನ ಡ್ಯೂಟಿಯ ಹೊತ್ತಾಗುತ್ತದೆ. ಕಾಗದವಾದರೆ ನೀನು ನಕ್ಕರೂ ನನಗೆ ಕೇಳಿಸುವುದಿಲ್ಲ.

ಮನೆ ಹೇಗಿತ್ತೋ ಹಾಗೇ ಇದೆ. ಕೆಳಗಿನ ಮನೆಯ ಅಜ್ಜಿ ನನ್ನನ್ನು ಕಂಡಾಗಲೆಲ್ಲ ನೀನು ಯಾವಾಗ ಬರುತ್ತೀಯೆಂದು ಕೇಳುತ್ತಾರೆ, ನಾನು ಊಟ ಮಾಡಿದೆನೋ ಇಲ್ಲವೋ ಎಂದು ಮಾತ್ರ ಕೇಳುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ನೀನು ದಿನಾ ‘ಗಾಳಿ ಚೆನ್ನಾಗಿದೆ ಕಣ್ರೀ’ ಎಂದು ನಿಲ್ಲುತ್ತೀಯಲ್ಲ, ಆ ಕಿಟಕಿಗೆ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದಾರೆ. ನೀನು ಬರುವುದರೊಳಗೆ ಹೇಗಾದರೂ ತೆಗೆಸುತ್ತೇನೆ. ನೀನು ಅಲ್ಲಿ ಗಾಳಿ ಕುಡಿಯುತ್ತಿರಬೇಕು, ನಾನು ಮೇಲೆ ಬಾಗಿಲು ತೆರೆದು ‘ಬರ್ತೀಯೋ ಇಲ್ವೋ’ ಎಂದು ಗೊಣಗುತ್ತಿರಬೇಕು. ಅದಿಲ್ಲದೆ ಈ ಮನೆಗೆ ಕಳೆಯಿಲ್ಲ.

ಈಗ ಬೈಕಿನ ವಿಷಯ. ಅಲ್ಲಿಯ ಆಸ್ಪತ್ರೆಯ ಕೆಲಸ ಮುಗಿಸಿ ನೀನು ಬಸ್ಸಿಳಿಯುವ ದಿನ ನಿನ್ನನ್ನು ನಮ್ಮದೇ ಬೈಕಿನ ಹಿಂದೆ ಕೂರಿಸಿಕೊಂಡು ಬರಬೇಕೆನ್ನುವುದು ನನ್ನ ಒಂದೇ ಆಸೆ. ಹೊಸದು ನಮ್ಮ ಕೈಗೆಟುಕುವುದಿಲ್ಲ, ಹಳೆಯದೇ ಸರಿ ಎಂದೆ. ನೀನು ಒಂದು ಕ್ಷಣವೂ ಯೋಚಿಸದೆ ‘ಹಾಗಾದ್ರೆ ಬುಗುರಿ ಹತ್ರ ತಗೊಳ್ಳಿ, ಅವನು ಮೋಸ ಮಾಡಲ್ಲ’ ಎಂದುಬಿಟ್ಟೆ. ನನ್ನ ಬಗ್ಗೆ ಅಷ್ಟು ಧೈರ್ಯವಾಗಿ ನೀನು ಯಾರ ಹತ್ತಿರವಾದರೂ ಹೇಳಿದ್ದೀಯಾ?

ಸರಿ, ಹೋದೆ. ನಿಮ್ಮ ಪಕ್ಕದ ಮನೆಯಲ್ಲಿ ಬೆಳೆದ ಬುಗುರಿ ಈಗ ಹಳೆ ಬೈಕುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ದೊಡ್ಡ ಮನುಷ್ಯನಾಗಿದ್ದಾನೆ. ಕೂದಲು ಮಾತ್ರ ಉದುರಿದೆ, ಇದನ್ನು ನೀನು ತಿಳಿದಿರಬೇಕು. ‘ಭಾವ ಅಂತ ಕರೀಲಾ?’ ಎಂದ. ಸರ್ ಸಾಕು ಎಂದೆ. ಒಂದು ಕಪ್ಪು ಬೈಕು ತೋರಿಸಿ, ಒಂದು ಸುತ್ತು ಓಡಿಸಿ ನೋಡಿ ಎಂದು ಕೀಲಿ ಕೊಟ್ಟ. ಅವನು ಮಾತು ಅಲ್ಲಿಗೇ ನಿಲ್ಲಿಸಿದ್ದರೆ ಓಡಿಸಿ ನೋಡುತ್ತಿದ್ದೆ. ‘ಅವಳು ಹಿಂದೆ ಕೂತಿದ್ರೆ ಜೋರಾಗಿ ಓಡಿಸ್ಬೇಡಿ ಸರ್, ಹೆದರ್ತಾಳೆ’ ಎಂದ. ನಾನು ಸರ್, ನೀನು ಅವಳು! ಮೈಯೆಲ್ಲ ಉರಿದುಹೋಯಿತು. ಓಡಿಸುವುದೇನೂ ಬೇಡ, ನೋಡಿದರೆ ಸಾಕು, ನನಗೆ ಗೊತ್ತಾಗುತ್ತದೆ ಎಂದು ಮಾತು ಮುಗಿಸಿದೆ. ಗಾರ್ಮೆಂಟ್ಸಿನ ಚೆಕಿಂಗ್ ಮೇಜಿನ ಮುಂದೆ ನಿಂತು ದಿನವಿಡೀ ಅಂಗಿಗಳ ಹುಳುಕು ಹುಡುಕುವ ನಾನು, ಒಂದು ಗುಂಡಿ ಓರೆಯಾಗಿದ್ದರೂ ವಾಪಸ್ ಎಸೆಯುವ ನಾನು, ಇಡೀ ಬೈಕನ್ನು ಮುಟ್ಟಿಯೂ ನೋಡದೆ ತಂದೆ.

ಮೊದಲನೆಯ ದಿನವೇ ಅದರ ಬಣ್ಣ ಬಯಲಾಯಿತು. ಬೆಳಿಗ್ಗೆ ಕಾಲು ಸೋಲುವವರೆಗೆ ಒದ್ದರೂ ಸ್ಟಾರ್ಟ್ ಆಗದು. ಬ್ರೇಕ್ ಒತ್ತಿದರೆ ನಿಲ್ಲುವ ಬದಲು ಪಕ್ಕದ ಚರಂಡಿಯ ಕಡೆಗೆ ಎಳೆಯುತ್ತದೆ. ಹ್ಯಾಂಡಲ್ ತಿರುಗಿಸಿದರೆ ಹಾರ್ನ್ ತಾನಾಗಿಯೇ ಕೂಗಿ, ಮುಂದೆ ಹೋಗುತ್ತಿದ್ದವರೆಲ್ಲ ತಿರುಗಿ ನನ್ನನ್ನು ಬೈಯುತ್ತಾರೆ. ಪೆಟ್ರೋಲ್ ಮುಳ್ಳು ಸದಾ ಟ್ಯಾಂಕು ತುಂಬಿದೆ ಎನ್ನುತ್ತದೆ. ಅದನ್ನು ನಂಬಿ ನಡುರಸ್ತೆಯಲ್ಲಿ ನಿಂತು, ಫ್ಯಾಕ್ಟರಿಯವರೆಗೆ ತಳ್ಳಿಕೊಂಡು ಹೋದೆ. ಸೂಪರ್‌ವೈಸರ್ ನೋಡಿ, ಬೈಕಿಗೆ ವಾಕಿಂಗ್ ಮಾಡಿಸುತ್ತಿದ್ದೀರಾ ಎಂದು ಕೇಳಿದ.

ನಿಜ ಹೇಳಲೇ? ಬೇಸರವಾಗಲಿಲ್ಲ. ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ಮೋಸ ಮಾಡದ ನಿನ್ನ ಬುಗುರಿ ಕೈಗೆ ಸಿಕ್ಕಿಬಿದ್ದಿದ್ದ. ತಪ್ಪು ಕಂಡಲ್ಲಿ ಅಂಗಿಗೆ ಅಂಟಿಸುತ್ತೇವಲ್ಲ, ಕೆಂಪು ಬಾಣದ ಚೀಟಿ, ಅದರದೊಂದು ಹಾಳೆ ಮನೆಗೆ ತಂದೆ. ಎಣ್ಣೆ ಸೋರುವಲ್ಲಿ ಒಂದು, ಬ್ರೇಕಿಗೆ ಒಂದು, ಹಾರ್ನಿಗೆ ಒಂದು. ಸಡಿಲ ಕನ್ನಡಿಗೂ ಬಿಡಲಿಲ್ಲ. ಬೈಕಿಗೆ ದಡಾರ ಎದ್ದಂತಾಯಿತು. ನಿನ್ನೆ, ಅವನ ಅಂಗಡಿಯಲ್ಲಿ ಗಿರಾಕಿಗಳು ಕಿಕ್ಕಿರಿದಿರುವ ಹೊತ್ತು ನೋಡಿಕೊಂಡು, ಅದನ್ನು ಮೆರವಣಿಗೆಯಂತೆ ಒಯ್ದು ಬಾಗಿಲಿಗೆ ಅಡ್ಡ ನಿಲ್ಲಿಸಿದೆ.

ಅವನು ಜಗಳವಾಡುತ್ತಾನೆಂದು ಕಾದೆ. ವಾದಿಸುತ್ತಾನೆ, ನಾನೂ ನಾಲ್ಕು ಮಾತು ಬಿಗಿಯಬಹುದು ಎಂದುಕೊಂಡಿದ್ದೆ. ಆಸಾಮಿ ನಗಲೂ ಇಲ್ಲ. ಗಿರಾಕಿಗಳನ್ನು ಬಿಟ್ಟು ಬಂದು, ಕುಕ್ಕುರುಗಾಲಿನಲ್ಲಿ ಕೂತು, ಒಂದೊಂದೇ ಚೀಟಿ ನೋಡಿದ. ‘ಲೋಡಿನಲ್ಲಿ ಬಂದದ್ದನ್ನು ಒರೆಸಿ ನಿಲ್ಲಿಸಿಬಿಟ್ಟಿದ್ದೆ, ಬಿಚ್ಚಿ ನೋಡಿರಲಿಲ್ಲ, ನನ್ನದೇ ತಪ್ಪು’ ಎಂದು ಎಲ್ಲರ ಮುಂದೆಯೇ ಹೇಳಿದ. ತೋಳು ಮಡಚಿ ಮೆಕ್ಯಾನಿಕ್ ಜೊತೆ ತಾನೂ ಕೂತ. ಒಂದು ಕೆಲಸ ಮುಗಿದರೆ ಒಂದು ಚೀಟಿ ಕಿತ್ತು ನನ್ನ ಕೈಗೆ ಕೊಡುತ್ತಿದ್ದ. ಸಂಜೆಯ ಹೊತ್ತಿಗೆ ನನ್ನ ಅಂಗೈ ತುಂಬ ಚೀಟಿ. ಕೆಟ್ಟವನಾಗುವಷ್ಟು ಉಪಕಾರವನ್ನೂ ಆ ಮನುಷ್ಯ ನನಗೆ ಮಾಡಲಿಲ್ಲ ನೋಡು.

ಈಗ ಬೈಕು ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತದೆ. ಒಂದು ಚೀಟಿ ಮಾತ್ರ ಇನ್ನೂ ಉಳಿದಿದೆ, ಅದರ ಮಾತು ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೇರೆಯವರ ಪಾಳಿಯನ್ನೆಲ್ಲ ಮೈಮೇಲೆ ಹಾಕಿಕೊಂಡು ನಿಂತೇ ಇರಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ, ಬೇಗ ಬಾ.

ಎಂದೆಂದಿಗೂ ನಿನ್ನವನೇ ಆದ,
ನಿನ್ನ ಗಂಡ

ತಾ.ಕ.: ಲಕೋಟೆ ಅಂಟಿಸಲು ಹೋದವನು ಮತ್ತೆ ಕೂತೆ. ಉಳಿದ ಆ ಚೀಟಿ ನಾನು ಅಂಟಿಸಿದ್ದಲ್ಲ. ನಾನು ಹೊರಡುವಾಗ ಬುಗುರಿ ನನ್ನ ಕೈಯಿಂದ ಒಂದನ್ನು ತೆಗೆದುಕೊಂಡು, ‘ಒಂದು ಬಿಟ್ಬಿಟ್ಟಿದ್ದೀರಿ ಸರ್’ ಎಂದು ಹಿಂದಿನ ಸೀಟಿಗೆ ಅಂಟಿಸಿದ. ‘ಫುಟ್‌ರೆಸ್ಟ್ ಎತ್ತರ ಆಯ್ತು. ಚಿಕ್ಕವಳಿದ್ದಾಗ ಗೋಡೆಯಿಂದ ಬಿದ್ದಿದ್ಲಲ್ಲ, ಆ ಮೊಣಕಾಲು ಪೂರ್ತಿ ಮಡಚೋಕಾಗಲ್ಲ ಅವಳಿಗೆ. ಮೆಟ್ಟಿಲು ಹತ್ತೋಕೂ ಕಷ್ಟ. ಆ ಕಡೆಯದನ್ನ ಇಳಿಸಿಕೊಡ್ತೀನಿ. ಎಡಗಾಲೋ ಬಲಗಾಲೋ ನನಗೆ ನೆನಪಿಲ್ಲ, ನೀವು ಹೇಳಿ.’

ಹೌದು ಹೌದು, ಮೊಣಕಾಲು, ಎಂದೆ. ಗೊತ್ತಿದ್ದವನ ಹಾಗೆ. ಅವಳು ಬಂದು ಕೂತು ನೋಡಲಿ, ಆಮೇಲೆ ಮಾಡಿಸಿದರಾಯಿತು ಎಂದು ಹೇಳಿ ಬಂದುಬಿಟ್ಟೆ. ಬಂದವನು ಮೆಟ್ಟಿಲ ತಿರುವಿನಲ್ಲಿ, ಮುಚ್ಚಿದ ಕಿಟಕಿಯ ಮುಂದೆ, ಬಹಳ ಹೊತ್ತು ನಿಂತೆ. ಅಲ್ಲಿ ಗಾಳಿಯೇ ಬರುವುದಿಲ್ಲವಲ್ಲೇ. ಕಿಟಕಿ ತೆರೆದಿದ್ದಾಗಲೂ ಎದುರಿಗಿದ್ದದ್ದು ಪಕ್ಕದ ಮನೆಯ ಗೋಡೆ.

ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಯಾವ ಕಾಲು ಎಂದಷ್ಟೇ ಬರೆ. ಅದು ಅವನಿಗೂ ಗೊತ್ತಿಲ್ಲ. ಅದೊಂದಾದರೂ ನನಗೆ ಮೊದಲು ತಿಳಿಯಲಿ.