ಹದಿನೇಳು ‘ಇಲ್ಲ’ಗಳು

ಆಲಮಟ್ಟಿ ಹಿನ್ನೀರಿನ ದಂಡೆ,
ಫೆಬ್ರವರಿ ೩೦, ೨೧೯೧

ಇಪ್ಪತ್ತೊಂದನೆಯ ಶತಮಾನಕ್ಕೆ ಕಳಿಸುತ್ತಿರುವ ಈ ಪತ್ರ ಅಲ್ಲಿ ಯಾರ ಕೈಗೆ ಸೇರುತ್ತದೋ ತಿಳಿಯದು. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಬಿಟ್ಟುಕೊಡುತ್ತಾರೆ. ನನ್ನ ಕೆಲವು ಮಾತುಗಳೂ ನಿಮಗೆ ಅಪರಿಚಿತವೆನಿಸಬಹುದು, ಮನ್ನಿಸಿ.

ನಾನು ನೀಲಗಂಗಾ ಬಾದವಾಡಗಿ. ಹನ್ನೆರಡು ವರ್ಷ ಈ ಹಿನ್ನೀರಿನ ಮೇಲೆ ಬಿಸಿಲುದೋಣಿ ನಡೆಸಿದೆ. ಬಿಸಿಲಿನ ಬಲದಿಂದಲೇ ಓಡುವ, ನಲವತ್ತು ಜನ ಹಿಡಿಸುವ ದೋಣಿ ಅದು. ಮೂರು ವರ್ಷದ ಹಿಂದೆ ಎಡಗಣ್ಣು ಕೆಂಪಾಯಿತು. ಧೂಳು ಬಿದ್ದಿರಬೇಕು ಎಂದುಕೊಂಡೆ. ವಾರದಲ್ಲಿ ಬಲಗಣ್ಣೂ ಕೆಂಪಾಯಿತು. ಹುಬ್ಬಿನೊಳಗೆ ನೋವು ಕೂತಿತು, ನೀರಿನ ಮೇಲಿನ ಬೆಳಕು ಸೂಜಿಯಾಯಿತು. ಕಣ್ಣಿನ ನಡುಪದರದ ಉರಿಯೂತ ಎಂದರು ಡಾಕ್ಟರ್ ಹಸೀನಾ. ಹನಿ ಹಾಕಿದರೆ ಇಳಿಯುತ್ತಿತ್ತು, ಬಿಟ್ಟರೆ ಮರಳುತ್ತಿತ್ತು. ನಿಮ್ಮ ಕಾಲದಲ್ಲೂ ಈ ರೋಗ ಇತ್ತಂತೆ.

ಬೆಳಿಗ್ಗೆ ಎಚ್ಚರವಾದ ಮೇಲೂ ರೆಪ್ಪೆ ತೆರೆಯಲು ಹೆದರುತ್ತಿದ್ದೆ. ಜೋಳ ಹಸನು ಮಾಡುವಾಗ ಕಲ್ಲು ಯಾವುದು, ಕಣ್ಣೊಳಗೆ ತೇಲುವ ಕಪ್ಪು ಚುಕ್ಕೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ದೀಪಗಳಿಗೆ ಅಂಜಿ ತಂಗಿಯ ಮದುವೆಗೂ ಹೋಗಲಿಲ್ಲ. ಕೆಂಪು ಇಳಿದ ದಿನಗಳಲ್ಲಂತೂ ಯಾರೂ ನಂಬಲಿಲ್ಲ. ‘ಕಣ್ಣು ನೆಟ್ಟಗ ಅದಾವ, ಕೆಲಸ ತಪ್ಪಸಾಕ ನಾಟಕ’ ಎಂದು ದೋಣಿ ನಿಲ್ಲುವ ಘಾಟಿನ ಮೇಲ್ವಿಚಾರಕ ಯಮನಪ್ಪ ನನ್ನೆದುರೇ ಅಂದ.

ನಮ್ಮ ಪ್ರತಿ ಮನೆಯ ಗೋಡೆಯಲ್ಲಿ ‘ಬಾಳಳತೆ’ ಎಂಬ ಯಂತ್ರವಿದೆ. ರೋಗಿಯ ಬದುಕು ಹೇಗಿದೆ ಎಂದು ವಾರಕ್ಕೊಮ್ಮೆ ಹದಿನೇಳು ಪ್ರಶ್ನೆ ತೋರಿಸಿ, ಗುಂಡಿ ಒತ್ತಿಸಿ ಉತ್ತರ ಪಡೆದು, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಆಸ್ಪತ್ರೆಯೂ ಘಾಟಿನ ಕಚೇರಿಯೂ ನಂಬುವುದು ಆ ಅಂಕವನ್ನೇ. ಅದರ ಬಿಳಿ ಪರದೆ ನನಗೆ ಚುಚ್ಚುತ್ತಿದ್ದರಿಂದ ಆ ಕೆಲಸವನ್ನು ಗಂಡ ಸಂಗನಬಸು ಮಾಡುತ್ತಿದ್ದ. ನನ್ನ ಅಂಕ ಪ್ರತಿ ಸಲವೂ ನೂರಕ್ಕೆ ನೂರೇ. ಯಂತ್ರ ಕೆಟ್ಟಿದೆಯೇ? ಯಮನಪ್ಪ ಅದರಲ್ಲಿ ಕೈಯಾಡಿಸಿದ್ದಾನೆಯೇ? ಡಾಕ್ಟರೂ ಅವನ ಕಡೆಯೇ?

ಒಂದು ಮಧ್ಯಾಹ್ನ ದಡದ ಕಂಬ ಎಲ್ಲಿದೆ ಎಂದು ಅಂದಾಜು ಸಿಗದೆ ದೋಣಿ ಅದಕ್ಕೆ ಬಡಿಯಿತು. ಮುದುಕಿಯೊಬ್ಬಳ ಮುಂಗೈ ಮುರಿಯಿತು. ಅಂಕ ಚೆನ್ನಾಗಿದೆ, ಆದ್ದರಿಂದ ಇದು ನಿರ್ಲಕ್ಷ್ಯ ಎಂದು ಕಚೇರಿ ಬರೆಯಿತು. ನಾನು ನೇರ ಹಸೀನಾ ಅವರಲ್ಲಿಗೆ ಹೋಗಿ ನನ್ನ ಉತ್ತರಗಳನ್ನು ಓದಿಸಿದೆ. ಬೆಳಕಿಗೆ ಹೆದರುತ್ತೀರಾ? ಇಲ್ಲ. ಓದಲು ಕಷ್ಟವೇ? ಇಲ್ಲ. ಮುಂದೇನಾಗುವುದೋ ಎಂಬ ಚಿಂತೆ ಇದೆಯೇ? ಇಲ್ಲ. ಹದಿನೇಳಕ್ಕೆ ಹದಿನೇಳೂ ಇಲ್ಲ, ಎರಡು ವರ್ಷಕ್ಕೂ ಮಿಕ್ಕಿ.

‘ಇದನ್ನ ನೀವ ಹೇಳೀರೇನು?’ ಎಂದರು ಅವರು.

ಮನೆಗೆ ಬಂದಾಗ ಸಂಗನಬಸು ರೊಟ್ಟಿ ಬಡಿಯುತ್ತಿದ್ದ. ಕೇಳಿದೆ. ಅವನು ಕೈ ನಿಲ್ಲಿಸಲಿಲ್ಲ.

‘ಖರೇ ಹೇಳಿದ್ರ ನಿನ್ನ ದೋಣಿ ಕಸ್ಕೊಂತಿದ್ರು. ದೋಣಿ ಇಲ್ದ ನೀ ಹೆಂಗ ಇರ್ತಿದ್ದಿ?’

‘ನನ್ನ ಒಂದ ಮಾತು ಕೇಳಿದ್ದೇನು?’

‘ಪ್ರತಿ ಸಲ ಕೇಳೀನಿ, ನೀಲಾ. “ಏನಿಲ್ಲ ಬಿಡು” ಅಂತಿದ್ದಿ. ನೀ ಅಂದದ್ದ ಒತ್ತೀನಿ.’

ನಾನು ಹಾಗೆ ಅಂದದ್ದು ನಿಜವಾಗಿತ್ತು.

ಮರುದಿನ ಪರದೆಗೆ ತೆಳು ಸೀರೆ ಹೊದಿಸಿ, ಅವನಿಂದ ಪ್ರಶ್ನೆ ಓದಿಸಿ, ಒಂದೊಂದಕ್ಕೂ ನಾನೇ ಗುಂಡಿ ಒತ್ತಿದೆ. ಅಂಕ ಮೂವತ್ತೆಂಟು ಬಂತು. ಆ ವಾರವೇ ದೋಣಿಯ ಕೀಲಿ ಕೊಟ್ಟೆ. ಆಸ್ಪತ್ರೆಯವರು ಬಿರುಸಾದ ಸೂಜಿಮದ್ದು ಶುರು ಮಾಡಿದರು. ಬಲಗಣ್ಣು ಉಳಿಯಿತು. ಎಡಗಣ್ಣಿನ ನಡುವೆ ಮಂಜು ನಿಂತುಬಿಟ್ಟಿದೆ. ಒಂದು ವರ್ಷ ಮೊದಲೇ ಆಗಿದ್ದರೆ ಅದೂ ಉಳಿಯುತ್ತಿತ್ತಂತೆ. ಈಗ ಘಾಟಿನ ನೆರಳಲ್ಲಿ ಕೂತು, ದೋಣಿಗಳ ಸದ್ದು ಕೇಳಿ ಯಾವುದರ ಯಂತ್ರ ಕೆಡುತ್ತಿದೆ ಎಂದು ಹೇಳುವ ಕೆಲಸ ಮಾಡುತ್ತೇನೆ.

ನಾವು ಜೊತೆಗೇ ಇದ್ದೇವೆ. ಆದರೆ ಅವನು ಹನಿ ಹಾಕಲು ಬಂದಾಗ ಸೀಸೆಯನ್ನು ಮೊದಲು ನನ್ನ ಕೈಗೆ ತೆಗೆದುಕೊಂಡು ನೋಡುತ್ತೇನೆ. ನಾನು ಆರಾಮ ಅಂದರೆ ಅವನೂ ದೀಪ ಹಚ್ಚಿ ನನ್ನ ಮುಖ ನೋಡುತ್ತಾನೆ.

ಆ ಹದಿನೇಳು ಪ್ರಶ್ನೆ ನಿಮ್ಮ ಶತಮಾನದವರು ಬರೆದದ್ದೆಂದು, ಆಮೇಲೆ ಒಂದಕ್ಷರವೂ ಬದಲಾಗಿಲ್ಲವೆಂದು ಹಸೀನಾ ಹೇಳಿದರು. ಆ ಕರಡು ಈಗ ನಿಮ್ಮಲ್ಲಿ ಯಾರದೋ ಮೇಜಿನ ಮೇಲಿರಬಹುದು. ದಯವಿಟ್ಟು ಇನ್ನೊಂದು ಸೇರಿಸಿ: ಈ ಉತ್ತರಗಳು ಯಾರವು?

ಬಲಗಣ್ಣು ದಣಿಯಿತು. ಈ ಪತ್ರವನ್ನು ಯಾರಿಂದಲೂ ಬರೆಸಿಲ್ಲ.

ನೀಲಗಂಗಾ