ಬಗ್ಗದ ಮೊಣಕಾಲು

ಆಗಸ್ಟ್ 3, ಶನಿವಾರ

ಹಾಲ್ ಗುಡಿಸಿದೆ. ಚಾಪೆ ಹಾಸಿದೆ. ಈ ಚಳಿಯಲ್ಲೂ ಹನ್ನೊಂದು ಜನ, ಬರಿಗಾಲು. ಇವತ್ತು ವಿಡಿಯೊ ತೆಗೆಯುವ ದಿನ. ಒಬ್ಬೊಬ್ಬರೂ ಕಾತಾ ಮಾಡಿ ತೋರಿಸಬೇಕು. ಒಂದು ಹೆಜ್ಜೆ ಆಚೀಚೆ ಆಗಬಾರದ ವರಸೆ ಅದು. ನಮ್ಮ ಗುರು ಹರ್ಬರ್ಟ್ ಸೆನ್ಸೈ ನೈರೋಬಿಯ ಈ ಹರ್ಲಿಂಗ್‌ಹ್ಯಾಮ್‌ನಲ್ಲಿ ಮೂವತ್ತೇಳು ವರ್ಷದಿಂದ ಕರಾಟೆ ಕಲಿಸುತ್ತಿದ್ದಾರೆ. ಆದರೂ ಜಪಾನಿನ ಮೂಲ ಶಾಲೆಯ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ನವೆಂಬರಿನಲ್ಲಿ ಪರೀಕ್ಷಕರು ಬರುತ್ತಾರೆ, ಮೊದಲ ಸಲ.

ಸೆನ್ಸೈಗೆ ಎಪ್ಪತ್ತೆರಡು. ಕ್ಯಾಮೆರಾ ಎದುರು ನಾಚಿಕೆ. "ಬೆನ್ನು ಮಾತ್ರ ಬರ್ಲಿ ಮಾರಾಯ್ತಿ, ಹೊಟ್ಟೆ ಬೇಡ."

ವಿಡಿಯೊ ಜಪಾನಿಗೆ ಕಳಿಸಿದೆ. ಬೆನ್ನುನೋವಿಗೆ ಅಂತ ಎಂಟು ವರ್ಷದ ಹಿಂದೆ ಸೇರಿದವಳು ನಾನು. ಈಗ ಶಾಲೆಯ ಪತ್ರವ್ಯವಹಾರವೆಲ್ಲ ನನ್ನದೇ.

ಆಗಸ್ಟ್ 14, ಬುಧವಾರ

ಜಪಾನಿನಿಂದ ಮೇಲ್. ನಾನು ಕೆಲಸ ಮಾಡುವ ಔಷಧಿ ಫ್ಯಾಕ್ಟರಿಯ ಲ್ಯಾಬಿನಲ್ಲೇ ಓದಿದೆ. ಮೂರು ಸಲ.

"ಹನ್ನೊಂದು ಜನರಲ್ಲೂ ಒಂದೇ ತಪ್ಪು. ಮೂರನೆಯ ತಿರುವಿನಲ್ಲಿ ಬಲ ಮೊಣಕಾಲು ನೆಲಕ್ಕೆ ತಾಗುವಂತೆ ಕೂರಬೇಕು. ನಿಮ್ಮವರು ನಿಂತೇ ಬಾಗುತ್ತಾರೆ. ಕಲಿಸಿದವರು ಯಾರು?" ಜೊತೆಗೆ ಸರಿಯಾದ ವಿಡಿಯೊ.

ಇಲ್ಲಿ ಮಾತ್ರೆಯ ತೂಕದಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಡೀವಿಯೇಶನ್ ಅಂತ ತಪ್ಪಿನ ವರದಿ ಬರೆದು ಸಹಿ ಹಾಕುತ್ತೇನೆ. ಹಿಂದುಮುಂದು ನೋಡುವುದಿಲ್ಲ. ಇದನ್ನು ಹೇಗೆ ಹೇಳುವುದು? ಯಾರಿಗೆ... ಸೆನ್ಸೈಗೇ?

ಆಗಸ್ಟ್ 17, ಶನಿವಾರ

ಹೇಡಿ ನಾನು.

ಸೆನ್ಸೈ ಬರುವ ಮೊದಲು ಕೆವಿನ್‌ಗೆ ಗುಟ್ಟಾಗಿ ಸರಿಯಾದ ತಿರುವು ತೋರಿಸಿದೆ. ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್, ಮೂವತ್ತರ ಹುಡುಗ, ಈ ಸಲ ಬ್ಲ್ಯಾಕ್ ಬೆಲ್ಟಿಗೆ ಕೂರುವವನು. ಒಂದೇ ಸಲಕ್ಕೆ ಹಿಡಿದ. ಕ್ಲಾಸಿನಲ್ಲೂ ಅದನ್ನೇ ಮಾಡಿಬಿಟ್ಟ.

"ಅದೆಂತ ಹೊಸತು?" — ಸೆನ್ಸೈ.

ನಾನು ಚಾಪೆಯ ಅಂಚು ಸರಿಪಡಿಸತೊಡಗಿದೆ. ಕೆವಿನ್ ನನ್ನ ಕಡೆ ನೋಡಿದ. "ಸಾರಿ ಸೆನ್ಸೈ, ಕಾಲು ಜಾರಿತು" ಎಂದ. ಶಿಕ್ಷೆಗೆ ಐವತ್ತು ಬಸ್ಕಿ. ಎಣಿಸಿದ್ದು ನಾನು.

ಆಗಸ್ಟ್ 20, ಮಂಗಳವಾರ

ಹೇಳಿದೆ. ಕ್ಲಾಸಿಗೆ ಮೊದಲು ಸೆನ್ಸೈ ಮನೆಗೇ ಹೋದೆ. ಅವರ ಹೆಂಡತಿ ಓಲಿಂಡಾ ಆಂಟಿ ಚಹಾ ತಂದರು. ಮೇಲ್ ಪ್ರಿಂಟ್ ಸೆನ್ಸೈ ಕೈಗೆ ಕೊಟ್ಟೆ. ಓದಿದರು, ಕನ್ನಡಕ ತೆಗೆದರು, ಒರೆಸಿ ಮತ್ತೆ ಓದಿದರು.

"ಯಾವಾಗ ಬಂತು?"

"ಬುಧವಾರ, ಸೆನ್ಸೈ."

"ಮತ್ತೆ ಕೆವಿನ್‌ನ ಕಾಲು ಜಾರಿದ್ದು?"

"ನಾನೇ ಹೇಳಿಕೊಟ್ಟಿದ್ದು."

"ತಪ್ಪು ಕಲಿಸಿದ್ದು ನಾನು. ಅದು ಬೇರೆ. ಆ ಹುಡುಗ ಬಸ್ಕಿ ಹೊಡೀವಾಗ ನೀನು ಎಣಿಸಿದೆಯಲ್ಲ, ಕಾತ್ಯಾಯಿನಿ."

ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಆಂಟಿ ಕೊಂಕಣಿಯಲ್ಲಿ ಏನೋ ಕೇಳಿದರು. ಗೇಟಿನವರೆಗೆ ಬಂದು ನನ್ನ ಕೈ ಹಿಡಿದರು. "ನೀನು ಹೇಳಿದ್ದು ಒಳ್ಳೇದಾಯ್ತು ಮಗಾ. ಇವತ್ತು ಹೋಗು."

ಆಗಸ್ಟ್ 22, ಗುರುವಾರ

ಸೆನ್ಸೈ ಬರಲಿಲ್ಲ. ನಾನೇ ಕ್ಲಾಸ್ ತೆಗೆದುಕೊಂಡೆ. ಎಲ್ಲರೆದುರು ಕೆವಿನ್‌ಗೆ ಕ್ಷಮೆ ಕೇಳಿ ಐವತ್ತು ಬಸ್ಕಿ ಹೊಡೆದೆ. ಅವನೇ ಎಣಿಸಿದ. ಮೂವತ್ತಾದ ಮೇಲೆ "ಸಾಕು, ಮ್ವಾಲಿಮು" ಅಂದ. ಸ್ವಾಹಿಲಿಯಲ್ಲಿ ಟೀಚರ್ ಅಂತ, ನನ್ನನ್ನು ಕರೆಯುವುದು ಹಾಗೆ. ನಾನು ನಿಲ್ಲಿಸಲಿಲ್ಲ.

ಆಗಸ್ಟ್ 31, ಶನಿವಾರ

ಇವತ್ತೂ ಸೆನ್ಸೈ ಇಲ್ಲ. ಫೋನ್ ಎತ್ತುವುದಿಲ್ಲ. ಒಂಬತ್ತೇ ಜನ.

ಸೆಪ್ಟೆಂಬರ್ 5, ಗುರುವಾರ

ಬಂದರು!

ಬೆಲ್ಟ್ ಕಟ್ಟಿರಲಿಲ್ಲ. ಕೈಯಲ್ಲೊಂದು ಹಳೆಯ ಫೋಟೊ. ಎಲ್ಲರನ್ನೂ ಕೂರಿಸಿ ಇಂಗ್ಲಿಷಿನಲ್ಲಿ ಹೇಳಿದರು, ನಡುನಡುವೆ ನನ್ನತ್ತ ತಿರುಗಿ ಕನ್ನಡದಲ್ಲಿ. ಅವರ ಗುರು ಮೊರಿತಾ, ಜಪಾನಿನಿಂದ ಇಲ್ಲಿಗೆ ರಸ್ತೆ ಕೆಲಸಕ್ಕೆ ಬಂದ ಎಂಜಿನಿಯರ್. ಎರಡು ವರ್ಷ ತಮ್ಮ ಗ್ಯಾರೇಜಿನಲ್ಲಿ ಕಲಿಸಿ ಊರಿಗೆ ಹೋದರು, ಅಲ್ಲೇ ತೀರಿಕೊಂಡರು. ಫೋಟೊದಲ್ಲಿ ಆ ಗ್ಯಾರೇಜು. ಚಡ್ಡಿ ಹಾಕಿದ ಮೊರಿತಾ, ಬಲ ಮೊಣಕಾಲಿಗೆ ದಪ್ಪ ಬ್ಯಾಂಡೇಜು.

"ಅವರ ಕಾಲು ಬಗ್ತಾ ಇರ್ಲಿಲ್ಲ. ನೋವುಂಟು ಅಂತ ಒಂದು ದಿನ ಹೇಳಿದವರಲ್ಲ. ನಾನು ಕೇಳಿದವನೂ ಅಲ್ಲ. ಗುರು ಮಾಡಿದ್ದನ್ನು ಹಾಗೇ ಮಾಡಿದೆ. ಅವರ ನೋವನ್ನು ನಿಮಗೆಲ್ಲ ಕಲಿಸಿದೆ ನೋಡಿ."

 ಸೆನ್ಸೈ ನಡೆದು ಹೋಗಿ ಹಿಂದಿನ ಸಾಲಿನಲ್ಲಿ, ಹೋದ ತಿಂಗಳು ಸೇರಿದ ಬಿಳಿ ಬೆಲ್ಟಿನವರ ಪಕ್ಕ ನಿಂತರು.

"ಕಲಿಸು."

"ಸೆನ್ಸೈ, ನಾನು ಹೇಗೆ..."

"ವಿಡಿಯೊ ನೋಡಿದ್ದು ನೀನಲ್ವಾ? ಬೇಗ ಶುರು ಮಾಡು ಮಾರಾಯ್ತಿ, ಚಳಿಗೆ ಕಾಲು ಹಿಡೀತದೆ."

ಶುರು ಮಾಡಿದೆ. 

ಸೆಪ್ಟೆಂಬರ್ 21, ಶನಿವಾರ

ಮೂರನೆಯ ತಿರುವಿನಲ್ಲಿ ಸೆನ್ಸೈಗೆ ಕೂರಲು ಬರುತ್ತದೆ, ಏಳಲು ಬರುವುದಿಲ್ಲ. ಕೆವಿನ್ ಕೈ ಕೊಡಲು ಹೋದರೆ ಬೈಗುಳ. ಆದರೆ ಅವನು ಬರೆದುಕೊಟ್ಟ ವ್ಯಾಯಾಮ ಮನೆಯಲ್ಲಿ ತಪ್ಪದೆ ಮಾಡುತ್ತಾರಂತೆ. ಓಲಿಂಡಾ ಆಂಟಿಯ ವರದಿ.

ಹಳೆಯ ಶಿಷ್ಯರಿಗೂ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾರೆ. ಮೊಂಬಾಸಾ, ಲೆಸ್ಟರ್, ಟೊರಾಂಟೊ... "ನಾನು ನಿನಗೆ ತಪ್ಪು ಕಲಿಸಿದ್ದೇನೆ." ಒಬ್ಬ ಅತ್ತನಂತೆ. ಇನ್ನೊಬ್ಬ, "ಆ ಕಾತಾನೇ ಮರೆತುಹೋಗಿದೆ ಸೆನ್ಸೈ" ಎಂದನಂತೆ. ಅವನ ಮೇಲೆ ಸೆನ್ಸೈಗೆ ಇನ್ನೂ ಸಿಟ್ಟಿದೆ.

ನವೆಂಬರ್ 16, ಶನಿವಾರ, ಸಂಜೆ

 ಬೇಗ ಬರೆಯಬೇಕು.

ಪರೀಕ್ಷಕಿ ಅರವತ್ತು ದಾಟಿದ ಹೆಂಗಸು, ಗುಬ್ಬಿಯಷ್ಟು. ನಗುವುದೇ ಇಲ್ಲ. ಕೆವಿನ್ ಪಾಸ್. ನಾನೂ. ಕೊನೆಗೆ ಸೆನ್ಸೈ ಎದ್ದು ನಿಂತರು, ತಮ್ಮನ್ನೂ ಪರೀಕ್ಷಿಸಬೇಕೆಂದರು.

ಮೂರನೆಯ ತಿರುವು. ಮೊಣಕಾಲು ನೆಲಕ್ಕೆ ತಾಗಿತು. ಏಳುವಾಗ ಕೈ ಊರಿದರು.

"ಇನ್ನೊಮ್ಮೆ" ಎಂದರು ಆಕೆ.

ಮತ್ತೆ ಕೈ ಊರಿದರು. ಹಣೆಯಿಂದ ಬೆವರು. ಆಂಟಿ ಜಪಮಣಿ ಗಟ್ಟಿ ಹಿಡಿದರು. ಕೆವಿನ್ ಮುಂದೆ ಬಾಗಿದ, ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

"ಇನ್ನೊಮ್ಮೆ."

ಈ ಸಲ ಕೈ ಊರಲಿಲ್ಲ. ಎಷ್ಟು ಹೊತ್ತು ಹಿಡಿಯಿತೋ... ತೊಡೆ ನಡುಗಿತು, ಹಲ್ಲು ಕಚ್ಚಿದರು, ಎದ್ದರು. ಕಾತಾ ಮುಗಿಸಿದರು.

ಆಕೆ ಎದ್ದು ನಿಂತು ಬಾಗಿದರು, ಸೊಂಟದವರೆಗೆ. ಸೆನ್ಸೈಗೆ ಸಿಕ್ಕಿದ್ದು ಫಸ್ಟ್ ಡಾನ್, ಬ್ಲ್ಯಾಕ್ ಬೆಲ್ಟಿನ ಮೊದಲ ಮೆಟ್ಟಿಲು. ಕೆವಿನ್‌ಗೆ ಕೊಟ್ಟಿದ್ದೂ ಅದೇ. ಸೆನ್ಸೈ ಅವನ ಹೆಗಲ ಮೇಲೆ ಕೈ ಹಾಕಿದರು: "ಇನ್ನು ನಾವಿಬ್ಬರೂ ಕ್ಲಾಸ್‌ಮೇಟ್!" ಓಲಿಂಡಾ ಆಂಟಿ ನಕ್ಕು ನಕ್ಕು ಅತ್ತರು.

ನವೆಂಬರ್ 19, ಮಂಗಳವಾರ

ಜಪಾನಿನಿಂದ ಪಟ್ಟಿ ಬಂತು. ನೈರೋಬಿ ಇದೆ! ಶಾಲೆಯ ಹೆಸರಿನ ಕೆಳಗೆ ಇಬ್ಬರು ಶಿಕ್ಷಕರು — ಹರ್ಬರ್ಟ್, ಕಾತ್ಯಾಯಿನಿ. ನನ್ನನ್ನು ಒಂದು ಮಾತು ಕೇಳದೆ ಸೆನ್ಸೈ ಫಾರ್ಮ್ ತುಂಬಿದ್ದಾರೆ. ಫೋನ್ ಮಾಡಿ ಜಗಳ ತೆಗೆದೆ. "ಕೇಳಿದ್ರೆ ನೀನು ಬೇಡ ಅಂತಿದ್ದಿ. ಹಾಗೆ ಕೇಳ್ಲಿಲ್ಲ" ಅಂದರು.

ಇವತ್ತು ಹೊಸಬರು ಆರು ಜನ ಬರುತ್ತಾರಂತೆ. ಮೊದಲ ಪಾಠ ಯಾವುದು? ನಿಲ್ಲುವುದೇ? ಬೀಳುವುದೇ? ನನಗನ್ನಿಸುವುದು, ಮೊದಲು ಅವರಿಗೆ ಹೇಳಬೇಕಾದದ್ದು ಏನೆಂದರೆ, ನೋವಿದ್ದರೆ ಹೇಳಿ, ಗೊತ್ತಾಗದಿದ್ದರೆ ಕೇಳಿ... ಹೊರಗೆ ಹಾರ್ನ್. ಸೆನ್ಸೈ ಬಂದರು. ನನ್ನ ಬೆಲ್ಟ್ ಎಲ್ಲಿ—