ಉಪ್ಪು, ಮೂವತ್ತು ಗ್ರಾಂ

ಆಗಸ್ಟ್ 4, ಸೋಮವಾರ. ಬೆಳಗ್ಗೆ 9.10

ಲಾಟ್ 31ರ ಎಣಿಕೆ. ಬ್ಯಾಕ್ಟೀರಿಯಾ ಬೆಳೆಸುವ ಮೂರು ಗಾಜಿನ ತಟ್ಟೆ. 184, 191, 179. ತಟ್ಟೆಯ ಬೆನ್ನಿಗೆ ಮಾರ್ಕರ್‌ನಿಂದ ಚುಕ್ಕೆಗೊಂದು ಗುರುತು, ಎಡಗೈಯಲ್ಲಿ ಎಣಿಸುವ ಕ್ಲಿಕ್ಕರ್. ಹತ್ತು ಲಕ್ಷ ಪಟ್ಟು ತೆಳುಮಾಡಿ ಹಾಕಿದ್ದು, ಅಂದರೆ ಗ್ರಾಂಗೆ ಹದಿನೆಂಟು ಕೋಟಿ ಬ್ಯಾಕ್ಟೀರಿಯಾ, ಎಲ್ಲ ಜೀವಂತ. ರೈತರಿಗೆ ಕೊಡುವ ಪೊಟ್ಟಣದ ಮೇಲೆ ಅಚ್ಚಾಗಿರುವುದು ಹತ್ತು ಕೋಟಿ. ಹೆಚ್ಚಿದ್ದರೆ ಯಾರೂ ಬೈಯುವುದಿಲ್ಲ. ಸಹಿ ಹಾಕಿದೆ.

ಸ್ಟೋರ್‌ಕೀಪರ್ ಬಾಗಿಲಲ್ಲಿ ನಿಂತು, "ಮೇಡಂ, ಒಂದು ಬಿಟ್ಟುಹೋಯ್ತು ನೋಡಿ, ಅಗೋ ಆ ಮೂಲೇಲಿ" ಎಂದ. ಹನ್ನೊಂದು ವರ್ಷದಿಂದ ಇದೇ ಜೋಕು. ಹನ್ನೊಂದು ವರ್ಷದಿಂದಲೂ ತಿರುಗಿ ನೋಡುತ್ತೇನೆ. ಇವತ್ತೂ ನೋಡಿದೆ.

ಊಟದ ಹೊತ್ತಿಗೆ ಅಕ್ಕನ ಫೋನ್. "ನಾಟಿ ಮಾಡಿ ಹದಿನಾರು ದಿನ ಆಯ್ತು ಕಣೇ. ಎಲೆ ತುದಿ ಸುಟ್ಟ ಹಾಗಾಗಿದೆ. ನಿನ್ನ ಮರಿಗಳು ಇನ್ನೂ ನಿದ್ದೆಯಿಂದ ಎದ್ದಿಲ್ವೇನೋ."

ಬ್ಯಾಕ್ಟೀರಿಯಾಕ್ಕೆ ಅಕ್ಕ ಇಟ್ಟ ಹೆಸರು ಮರಿಗಳು. ಒಂದು ವಾರ ಕಾಯಿ ಎಂದೆ.

ಆಗಸ್ಟ್ 10, ಭಾನುವಾರ

ಅಕ್ಕನ ಗದ್ದೆಗೆ ಹೋಗಿ ಬಂದೆ. ಎರಡು ಬಸ್ಸು, ಆಮೇಲೆ ಕಟ್ಟೆಯ ಮೇಲೆ ನಡಿಗೆ. ಆಚೆ ಸಮುದ್ರದ ಹಿನ್ನೀರು, ಈಚೆ ಭತ್ತ. ಏಳು ವರ್ಷದ ಹಿಂದೆ ಕಟ್ಟೆ ಒಡೆದು ಉಪ್ಪುನೀರು ಒಳಗೆ ಹನ್ನೊಂದು ದಿನ ನಿಂತಿತ್ತು. ಇಳಿದ ಮೇಲೆ ಎಲ್ಲ ಬೆಳ್ಳಗೆ, ಸುಣ್ಣ ಚೆಲ್ಲಿದಂತೆ. ಬದುವಿನ ಮೇಲೆ ಒಂದು ಜಾತಿಯ ಹುಲ್ಲು ಮಾತ್ರ ಹಸಿರು. "ಇದಕ್ಕೇನು ಕೊಬ್ಬು ನೋಡೇ" ಎಂದು ತೋರಿಸಿದವಳು ಅಕ್ಕ. ಅದರ ಬೇರು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಲ್ಯಾಬಿಗೆ ತಂದವಳು ನಾನು. ನಮ್ಮ ಪೊಟ್ಟಣದ ಬ್ಯಾಕ್ಟೀರಿಯಾ ಸಿಕ್ಕಿದ್ದು ಆ ಬೇರಿನಲ್ಲಿ. ಬೇರಿಗೆ ಅಂಟಿಕೊಂಡು, ಉಪ್ಪು ಕಂಡು ಗಾಬರಿಯಾಗುವ ಗಿಡವನ್ನು ಸಮಾಧಾನ ಮಾಡುತ್ತದೆ. ಮೂರು ವರ್ಷದ ಹಿಂದೆ ಉಪ್ಪುಮಣ್ಣಿನ ತೊಟ್ಟಿಗಳಲ್ಲಿ ಮೊಣಕಾಲೆತ್ತರ ಭತ್ತ ಬಂತು. ಆ ಫೋಟೊ ಕಾರಿಡಾರಿನಲ್ಲಿದೆ. ಫೋಟೊದಲ್ಲಿ ಡೈರೆಕ್ಟರ್ ಇದ್ದಾರೆ. ಹುಲ್ಲೂ ಇಲ್ಲ, ಅಕ್ಕನೂ ಇಲ್ಲ.

ಇವತ್ತು ನೋಡಿದ್ದು: ಸಾಲು ಸಾಲು ಒಣಕಡ್ಡಿ. ಒಂದನ್ನು ಎಳೆದೆ. ಏನೂ ತಡೆಯಿಲ್ಲದೆ ಕೈಗೆ ಬಂತು. ಬೇರು ಕಂದು, ಗಿಡ್ಡ, ಎಲ್ಲಿಗೂ ಇಳಿದಿಲ್ಲ.

ಭಾವ ಬದುವಿನ ಕಡೆ ಕೈ ತೋರಿಸಿ, "ಹುಲ್ಲು ಮಾತ್ರ ಜೋರಾಗಿದೆ. ಮುಂದಿನ ಸಲ ಅದನ್ನೇ ನಾಟಿ ಮಾಡೋಣ" ಎಂದರು. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಆಗಸ್ಟ್ 12, ಮಂಗಳವಾರ. ಮಧ್ಯಾಹ್ನ 3

ಮೀಟಿಂಗ್. ಡೈರೆಕ್ಟರಿಗೆ ಲ್ಯಾಬಿನಲ್ಲಿ ಇಟ್ಟಿರುವ ಹೆಸರು ಇಸ್ತ್ರಿ. ಅಂಗಿಯಲ್ಲಿ ಸುಕ್ಕಿಲ್ಲ, ವರದಿಯಲ್ಲೂ ಇಲ್ಲ.

ಪೊಟ್ಟಣ ಕೊಟ್ಟದ್ದು ನಲವತ್ತು ಗದ್ದೆಗೆ. ಮೂವತ್ತೇಳು ಸತ್ತಿವೆ. ಬದುಕಿದ ಮೂರೂ ನದಿಯ ಕಡೆಯವು. ಅಲ್ಲಿ ಉಪ್ಪೇ ಇಲ್ಲ, ಪೊಟ್ಟಣವಿಲ್ಲದೆಯೂ ಭತ್ತ ಬರುತ್ತದೆ. ಇಸ್ತ್ರಿಯ ವರದಿಯಲ್ಲಿ ಅವರು 'ಜಾಗರೂಕ ರೈತರು'. ಉಳಿದ ಮೂವತ್ತೇಳು ಮಂದಿ 'ಅಸಡ್ಡೆಯ ಬಳಕೆದಾರರು'. ಅಕ್ಕ ಅದರಲ್ಲಿ ಹದಿನಾಲ್ಕನೆಯವಳು.

"ಪೊಟ್ಟಣದಲ್ಲಿ ಜೀವ ಇತ್ತು ತಾನೇ?" ಎಂದು ನನ್ನನ್ನು ಕೇಳಿದರು.

ಇತ್ತು ಎಂದೆ. ಗದ್ದೆಗೆ ಹೋದದ್ದು ಲಾಟ್ 28. ಅದನ್ನು ಎಣಿಸಿದವಳೂ ನಾನೇ. ಹದಿನೇಳು ಕೋಟಿ.

"ಮತ್ತೆ? ನಮ್ಮ ಕಡೆಯಿಂದ ಸರಿ ಇದೆ ಅಂದ್ಮೇಲೆ ತಪ್ಪು ಅವರ ಕಡೇದು. ಅನುಬಂಧ ಎರಡು, ಮೇಡಂ ಅವರ ಎಣಿಕೆ ಹಾಳೆ. ಮುಂದಕ್ಕೆ ಹೋಗೋಣ."

ಮುಂದಿನ ಪ್ಯಾರಾ: ಪೊಟ್ಟಣ ಕೊಟ್ಟರೂ ಬೆಳೆ ಬಾರದ್ದರಿಂದ ಕಟ್ಟೆಯೊಳಗಿನ ಭೂಮಿಯನ್ನು ಕೃಷಿಗೆ ಅನರ್ಹವೆಂದು ಘೋಷಿಸಿ ಸಿಗಡಿ ಕೊಳಗಳಿಗೆ ಬಿಡಬಹುದು. 29ಕ್ಕೆ ಸಮಿತಿ ಕೂರುತ್ತದೆ. ಒಪ್ಪಿದರೆ ಅಕ್ಕನ ಗದ್ದೆ ಹೋಯಿತು. ನನ್ನ ಸಹಿಯ ಆಧಾರದ ಮೇಲೆ.

ಆಗಸ್ಟ್ 13

ಅಕ್ಕನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

"ಸಸಿ ಬೇರನ್ನ ಪೊಟ್ಟಣ ಕಲಸಿದ ನೀರಲ್ಲಿ ಎಷ್ಟು ಹೊತ್ತು ಅದ್ದಿಟ್ಟೆ?"

"ಅರ್ಧ ಗಂಟೆ."

"ಗಡಿಯಾರ ನೋಡಿದ್ಯಾ?"

"ರೇಡಿಯೋದಲ್ಲಿ ವಾರ್ತೆ ಶುರುವಾದಾಗ ಅದ್ದಿದೆ. ಆಟ, ಹವಾಮಾನ ಎಲ್ಲ ಮುಗಿದು ಎರಡು ಹಾಡು ಆದ್ಮೇಲೆ ಎತ್ತಿದೆ."

"ಪೊಟ್ಟಣ ಬಿಸಿಲಿಗೆ ಬಿದ್ದಿತ್ತಾ?"

"ಮಂಚದ ಕೆಳಗಿತ್ತು. ನಿನ್ನ ಭಾವನ ಚಪ್ಪಲೀನೂ ಹತ್ತಿರ ಬಿಟ್ಟಿಲ್ಲ."

"ನೀರು ಬಿಸಿ ಏನಾದ್ರೂ…"

ಅಕ್ಕ ಮಾತು ಕತ್ತರಿಸಿದಳು: "ಇದನ್ನೆಲ್ಲ ತಂಗಿ ಕೇಳ್ತಿದಾಳೋ, ಆಫೀಸು ಕೇಳ್ತಿದೆಯೋ?"

ಎರಡೂ ಎಂದೆ. ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ರೋಗ.

"ಹಾಗಾದ್ರೆ ಅಕ್ಕ ಮನೇಲಿಲ್ಲ ಅಂತ ಆಫೀಸಿಗೆ ಹೇಳು."

ಇಟ್ಟಳು.

ಆಗಸ್ಟ್ 19, ಮಂಗಳವಾರ

ಆರು ದಿನ ಬರೆದಿಲ್ಲ. ಅಕ್ಕ ಫೋನ್ ಎತ್ತುತ್ತಿಲ್ಲ. ಭಾವ ಎತ್ತಿ, "ಅವಳು ಹೊರಗೆ ಹೋಗಿದಾಳಮ್ಮ" ಎನ್ನುತ್ತಾರೆ. ಹಿಂದೆ ಅವಳು ಪಾತ್ರೆ ತಿಕ್ಕುವ ಸದ್ದು ಕೇಳುತ್ತದೆ, ಬೇಕೆಂದೇ ಜೋರಾಗಿ.

ಓದುತ್ತಿರುವ ಕಾದಂಬರಿಯ ಅನುವಾದದಲ್ಲಿ ಒಂದು ಎಡವಟ್ಟು. ಮುದುಕಿ "ಅದಕ್ಕೇ ನಾನು ಬರಲಿಲ್ಲ" ಎನ್ನುತ್ತಾಳೆ. ಯಾವುದಕ್ಕೆ? ಹಿಂದೆ ಮೂರು ಪುಟ ಹುಡುಕಿದೆ. ಒಂದು ಸಾಲು ಬಿಟ್ಟುಹೋಗಿದೆ. ಮೂಲ ಭಾಷೆ ನನಗೆ ಬಾರದು, ಆದರೂ ಬಿಟ್ಟದ್ದು ತಿಳಿಯಿತು. ಬಿಟ್ಟವರು ಮಾತ್ರ ಮುಂದಿನ ಸಾಲಿಗೆ ನಿಶ್ಚಿಂತೆಯಿಂದ ಹೋಗಿದ್ದಾರೆ. ಅನುವಾದಕರ ಮೇಲೆ ಒಂದು ಗಂಟೆ ಸಿಟ್ಟಾಗಿದ್ದೆ. ಯಾರ ಮೇಲಾದರೂ ಆಗಬೇಕಿತ್ತು.

ಆಗಸ್ಟ್ 20. ಬೆಳಗ್ಗೆ 7.40

ಬ್ಯಾಕ್ಟೀರಿಯಾ ಬೆಳೆಸುವ ಟ್ಯಾಂಕ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೇರೆ ಯಾರೂ ಬಂದಿಲ್ಲ.

ಗೋಡೆಯ ಮೇಲೆ ಬ್ಯಾಕ್ಟೀರಿಯಾದ ಊಟದ ಪಟ್ಟಿ. ಪ್ರತಿ ಲೀಟರಿಗೆ ಸಕ್ಕರೆ ಇಷ್ಟು, ಯೀಸ್ಟ್ ಇಷ್ಟು. ದಿನಾ ಕಣ್ಣಿಗೆ ಬೀಳುವ ಹಾಳೆ. ಇವತ್ತು ಮೊದಲಿನಿಂದ ಕೊನೆಯವರೆಗೆ ಓದಿದೆ. ಏಳನೆಯ ಸಾಲು: ಉಪ್ಪು, 30 ಗ್ರಾಂ. ಅದರ ಮೇಲೆ ಗೆರೆ. ಸ್ಕೇಲ್ ಇಟ್ಟು ಎಳೆದ, ಒಂದು ಚೂರೂ ಸೊಟ್ಟವಿಲ್ಲದ ಗೆರೆ. ಪಕ್ಕದಲ್ಲಿ ತಾರೀಖು. ಎರಡು ವರ್ಷ ಒಂದು ತಿಂಗಳು ಹಿಂದಿನದು.

ಅಕ್ಷರ ನನ್ನದು.

ಎಲ್ಲ ನೆನಪಾಯಿತು. ಹೊಸ ಸ್ಟೀಲ್ ಟ್ಯಾಂಕ್ ಬಂದು ಎರಡೇ ತಿಂಗಳಿಗೆ ಒಳಗೆ ತುಕ್ಕಿನ ಚುಕ್ಕೆ ಬಿದ್ದಿತ್ತು. ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಇಸ್ತ್ರಿ ಮೆಮೊ ಕಳಿಸಿದರು: ಉಪ್ಪು ಕೈಬಿಡಿ, ಟ್ಯಾಂಕ್ ಉಳಿಸಿ. ನಾನು ಸ್ಕೇಲ್ ಹುಡುಕಿದೆ. ಯಾಕೆ ಎಂದು ಕೇಳಲಿಲ್ಲ. ಸ್ಕೇಲ್ ಹುಡುಕಿದೆ!

ಉಪ್ಪು ಬಿಟ್ಟ ಮೇಲೆ ಎಣಿಕೆ ಎರಡು ಪಟ್ಟಾಯಿತು. ಎಲ್ಲರಿಗೂ ಖುಷಿ. ಈಗ ಅನಿಸುತ್ತದೆ: ಉಪ್ಪು ತಡೆಯುವ ಶಕ್ತಿ ಹೊತ್ತುಕೊಂಡವು ನಿಧಾನ, ಅದನ್ನು ಕಳಚಿಟ್ಟವು ಚುರುಕು. ನಾವು ಪ್ರತಿವಾರ ಚುರುಕಾದವನ್ನೇ ಮುಂದಿನ ಬ್ಯಾಚಿಗೆ ಎತ್ತಿಹಾಕಿದೆವು. ನೂರು ವಾರ. ಉಪ್ಪಿನ ನೆನಪೇ ಇಲ್ಲದವನ್ನು ಸಾಕಿ, ಪೊಟ್ಟಣ ಕಟ್ಟಿ, ಉಪ್ಪಿಗೆ ಕಳಿಸಿದೆವು.

ಅನಿಸಿಕೆ ಸಾಲದು. ತಟ್ಟೆ ಹಾಕಬೇಕು.

ಆಗಸ್ಟ್ 21

ಹಾಕಿದೆ. ಲಾಟ್ 28 ಉಪ್ಪಿಲ್ಲದ ತಟ್ಟೆಯಲ್ಲಿ, ಉಪ್ಪಿರುವ ತಟ್ಟೆಯಲ್ಲಿ. ಪಕ್ಕದಲ್ಲಿ ಅದೇ ರೀತಿ ತಾಯಿ ಟ್ಯೂಬ್. ಅಕ್ಕನ ಹುಲ್ಲಿನಿಂದ ಮೊದಲು ತೆಗೆದು ಫ್ರೀಜರಿನ ತಳದಲ್ಲಿ ಇಟ್ಟದ್ದು, ಆರು ವರ್ಷದಿಂದ ಯಾರೂ ಮುಟ್ಟದ್ದು. ಎರಡು ದಿನ ಕಾಯಬೇಕು.

ಆಗಸ್ಟ್ 23, ಶನಿವಾರ. ಬೆಳಗ್ಗೆ 8.05

ಲಾಟ್ 28, ಉಪ್ಪಿಲ್ಲದೆ: 169.
ಲಾಟ್ 28, ಉಪ್ಪಿನಲ್ಲಿ: 0.
ತಾಯಿ ಟ್ಯೂಬ್, ಉಪ್ಪಿಲ್ಲದೆ: 120.
ತಾಯಿ ಟ್ಯೂಬ್, ಉಪ್ಪಿನಲ್ಲಿ: 112.

ಸೊನ್ನೆಯನ್ನು ಮೂರು ಸಲ ಎಣಿಸಿದೆ.

ನನ್ನ ಲೆಕ್ಕ ಒಂದು ದಿನವೂ ತಪ್ಪಿಲ್ಲ. ಅದೇ ಮೈ ಉರಿಯುವುದು. ಎರಡು ವರ್ಷ ಒಂದು ಚುಕ್ಕೆ ಬಿಡದೆ, ಬೇಡದ್ದನ್ನು ಎಣಿಸಿದೆ. ಅಕ್ಕನನ್ನು ಮಾತ್ರ ಕೇಳಿದೆ, ಗಡಿಯಾರ ನೋಡಿದ್ಯಾ ಎಂದು.

ಆಗಸ್ಟ್ 25, ಸೋಮವಾರ

ನಾಲ್ಕು ತಟ್ಟೆಯನ್ನೂ ಇಸ್ತ್ರಿಯ ಮೇಜಿನ ಮೇಲಿಟ್ಟೆ. ಅವರು ಫೈಲನ್ನು ಆಚೆ ಸರಿಸಿದರು, ಅಂಟು ತಾಗೀತೆಂದು.

"ಇದನ್ನ ಮಾಡಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ ಸಾರ್. ಅದಕ್ಕೇ ಎರಡು ವರ್ಷ ಗೊತ್ತಾಗಲಿಲ್ಲ."

"ಮೇಡಂ, ನಿಮ್ಮ ಕೆಲಸ ಎಣಿಸೋದು. ಯೋಚನೆ ಮಾಡೋಕೆ ನಾವಿದೀವಿ."

"ಮೂವತ್ತೇಳು ಮನೆಯವರನ್ನ ಅಸಡ್ಡೆಯವರು ಅಂತ ಬರೆದಿದೀರಿ."

"ಅವರೇನು ಇದನ್ನ ಓದ್ತಾರಾ?"

ಈ ವಾಕ್ಯವನ್ನು ಹಾಗೇ ಬರೆದಿಟ್ಟಿದ್ದೇನೆ. ಒಂದು ಪದ ಕೂಡಿಸಿಲ್ಲ, ಕಳೆದಿಲ್ಲ.

ಹೊರಡುವಾಗ: "ಆ ತಾಯಿ ಟ್ಯೂಬ್ ಅಂದ್ರಲ್ಲ, ಅದು ರಿಜಿಸ್ಟರಿನಲ್ಲಿ ಇದೆಯಾ?"

ಇಲ್ಲ ಎಂದೆ. ಹಳೆ ರಿಜಿಸ್ಟರಿನಲ್ಲಿತ್ತು, ಹೊಸದಕ್ಕೆ ಏರಿಸಿಲ್ಲ. ಹೇಳಿದ್ದು ತಪ್ಪಾಯಿತೆಂದು ಬಾಗಿಲು ದಾಟಿದ ಮೇಲೆ ಹೊಳೆಯಿತು.

ಆಗಸ್ಟ್ 26. ಬೆಳಗ್ಗೆ 9.30

ಫ್ರೀಜರ್ ಖಾಲಿ. ಸ್ಟೋರ್‌ಕೀಪರ್ ಏಳಕ್ಕೇ ಬಂದು ಎಲ್ಲವನ್ನೂ ಚೀಲಕ್ಕೆ ತುಂಬಿ ಆಟೋಕ್ಲೇವಿನ ಹಬೆಯಲ್ಲಿ ಬೇಯಿಸಿದ್ದಾನೆ. ಇಪ್ಪತ್ತು ನಿಮಿಷ. ಆರು ವರ್ಷ.

"ಲೆಕ್ಕಕ್ಕಿಲ್ಲದ್ದನ್ನೆಲ್ಲ ತೆಗೀರಿ ಅಂತ ಬರವಣಿಗೇಲಿ ಬಂತು ಮೇಡಂ. ನಾನೇನು ಮಾಡ್ಲಿ?"

"ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀವು ಬಿಡ್ತಿದ್ರಾ?"

"ಬಿಡ್ತಿರಲಿಲ್ಲ."

"ಅದಕ್ಕೇ." ತಲೆ ಎತ್ತಲಿಲ್ಲ. ಜೋಕು ಹೇಳಲಿಲ್ಲ.

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಹಕ್ಕಿಲ್ಲ. ಅವನಿಗೆ ಚೀಲ ಸಿಕ್ಕಿತು, ನನಗೆ ಸ್ಕೇಲ್ ಸಿಕ್ಕಿತ್ತು.

ಆದರೆ ಇಸ್ತ್ರಿಯ ಮೇಜಿನಿಂದ ವಾಪಸು ತಂದ ಶನಿವಾರದ ತಟ್ಟೆ ನನ್ನ ಬಳಿಯಿದೆ. ನೂರ ಹನ್ನೆರಡು ಚುಕ್ಕೆ. ಎರಡು ಹೊಸ ಟ್ಯೂಬಿಗೆ ಎತ್ತಿಟ್ಟೆ. ಉಪ್ಪು ಹಾಕಿ. ಮೂವತ್ತು ಗ್ರಾಂ ಲೆಕ್ಕದಲ್ಲಿ, ತೂಗಿ.

ಆಗಸ್ಟ್ 27. ರಜೆ ಹಾಕಿದೆ

ಅಕ್ಕನ ಮನೆ. ಅವಳು ಬಾಗಿಲಲ್ಲೇ, "ಯಾರು ಬಂದಿದಾರೆ, ಆಫೀಸಾ?" ಎಂದಳು.

"ತಂಗಿ."

ಕೂರಿಸಲಿಲ್ಲ. ನಿಂತೇ ಎಲ್ಲ ಹೇಳಿದೆ. ಟ್ಯಾಂಕು, ತುಕ್ಕು, ಗೆರೆ. ಗೆರೆ ಎಳೆದವಳು ನಾನು ಎಂಬುದನ್ನು ಕೊನೆಗೆ ಹೇಳಿದೆ, ಮೊದಲೇ ಹೇಳಬೇಕಿತ್ತು. ತಟ್ಟೆಗಳನ್ನು ನೋಡಲು ಕೊಟ್ಟೆ. ಖಾಲಿಯದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದನ್ನಾ ನಾನು ವಾರ್ತೆ ಕೇಳ್ಕೊಂಡು ಕಾದಿದ್ದು?"

"ಹೂಂ."

"ಉಪ್ಪಿನ ಮಣ್ಣಿಗೆ ಹೋಗೋ ಮರೀನ ಉಪ್ಪೇ ತೋರಿಸದೆ ಸಾಕಿದೀರಲ್ಲೇ. ಟ್ಯಾಂಕಿಗೆ ನೋವಾಗುತ್ತೆ ಅಂತ!" ಒಮ್ಮೆಲೇ ದನಿ ಏರಿತು. "ನನ್ನ ಗದ್ದೆಗೇನು ನೋವಾಗಲ್ವಾ?"

ಭಾವ ಕುರ್ಚಿ ತಂದು ಹಾಕಿದರು, ನನಗೂ ಅವಳಿಗೂ. ಕೂತೆವು. ಒಂದು ಟ್ಯೂಬ್ ಅವಳ ಕೈಗಿಟ್ಟೆ. ಎಲ್ಲಿ ಇಡಲಿ ಎಂದು ಕೇಳಲಿಲ್ಲ. ಎದ್ದು ಹೋಗಿ, ಬಗ್ಗಿ, ಮಂಚದ ಕೆಳಗಿನಿಂದ ಭಾವನ ಚಪ್ಪಲಿ ಆಚೆ ಎಸೆದಳು.

ಆಗಸ್ಟ್ 28. ಬೆಳಗ್ಗೆ 11

ಅನುಬಂಧ ಎರಡರ ಅಂತಿಮ ಪ್ರತಿಗೆ ನನ್ನ ಸಹಿ ಬೇಕಂತೆ. ಇಸ್ತ್ರಿ ಹಾಳೆ ಕಳಿಸಿದರು. ಅಂಕಿಗಳು, ಸಹಿಗೆ ಜಾಗ, ಬಲಗಡೆ ಬೆರಳಗಲದ ಷರಾ ಕಾಲಂ.

ಸಹಿ ಹಾಕಿದೆ. ಷರಾದಲ್ಲಿ ಬರೆದೆ: 'ಇದು ಉಪ್ಪಿಲ್ಲದ ತಟ್ಟೆಯ ಎಣಿಕೆ. ಉಪ್ಪಿನಲ್ಲಿ: ಸೊನ್ನೆ. ಹಿಂಬದಿ ನೋಡಿ.' ಹಿಂಬದಿಯಲ್ಲಿ ನಾಲ್ಕು ತಟ್ಟೆಯ ಅಂಕಿ, ಮೆಮೊ ಸಂಖ್ಯೆ, ತಾರೀಖು. ಕೊನೆಯ ವಾಕ್ಯ: 'ಉಪ್ಪಿನ ಸಾಲನ್ನು ಹೊಡೆದುಹಾಕಿದವಳು ನಾನು. ರೈತರ ತಪ್ಪಿಲ್ಲ.'

ಮುಚ್ಚಿಡಲಿಲ್ಲ. ಹಾಳೆಯನ್ನು ನಾನೇ ಅವರ ಕೈಗೆ ಕೊಟ್ಟೆ. ಅಂಕಿ ನೋಡಿದರು, ಸಹಿ ನೋಡಿದರು, "ಗುಡ್" ಎಂದರು. ಒಂಬತ್ತು ಪ್ರತಿ, ಎರಡೂ ಬದಿ ಜೆರಾಕ್ಸ್ ಆಗಿ ಸಂಜೆ ಸಮಿತಿಗೆ ಹೋಯಿತು. ಓದದೇ ಇರುವವರು ರೈತರು ಮಾತ್ರ ಎಂದುಕೊಂಡಿದ್ದರು ಪಾಪ.

ಆಗಸ್ಟ್ 29, ಶುಕ್ರವಾರ. ಬೆಳಗ್ಗೆ 11.20

ಸಮಿತಿಯ ಕೋಣೆಯ ಹೊರಗೆ, ಬೆಂಚು. ತೊಡೆಯ ಮೇಲೆ ಊಟದ ಡಬ್ಬಿ, ಒಳಗೆ ತಟ್ಟೆಗಳು. ಪಕ್ಕದಲ್ಲಿ ಅಕ್ಕ. ಬದುವಿನ ಹುಲ್ಲನ್ನು ಮಣ್ಣು ಸಮೇತ ಕಿತ್ತು ಹಳೆ ಬಕೆಟ್ಟಿನಲ್ಲಿ ತಂದಿದ್ದಾಳೆ. ಅಟೆಂಡರ್ ನೆಲ ಕೊಳೆಯಾಯಿತೆಂದು ಎರಡು ಸಲ ಹೇಳಿದ. "ಒರೆಸ್ತೀನಿ ಬಿಡಪ್ಪ. ಮೊದಲು ನಿಮ್ಮೋರು ಒರೆಸಿಹಾಕಿದ ಗದ್ದೆಗಳ ಲೆಕ್ಕ ಆಗಲಿ" ಎಂದಳು.

11.35

ಒಳಗೆ ದನಿ ಏರಿದೆ. "ಹಿಂಬದಿ" ಎಂಬ ಪದ ಕೇಳಿಸಿತು.

11.40

ಇಸ್ತ್ರಿ ಹೊರಗೆ ಬಂದರು. ಅಂಗಿಯ ಕಂಕುಳಲ್ಲಿ ಒದ್ದೆ. "ಡಬ್ಬಿ ಕೊಡಿ ಮೇಡಂ. ನಾನೇ ತೋರಿಸಿ ವಿವರಿಸ್ತೀನಿ. ನೀವು ಒಳಗೆ ಬರೋ ಅಗತ್ಯ ಇಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ: "ಫೋಟೊದಲ್ಲಿ ನಿಂತಿದ್ದು ಸಾಲದಾ ಸಾರ್?"

ಡಬ್ಬಿ ಕೊಡಲಿಲ್ಲ. ಅವರು ಒಳಗೆ ಹೋದರು. ಹಿಂದೆಯೇ ಅಟೆಂಡರ್ ಬಂದ: ಷರಾ ಬರೆದವರು ಯಾರು, ಅವರನ್ನೇ ಕರೀರಿ ಅಂತ ಅಧ್ಯಕ್ಷರು ಹೇಳಿದಾರೆ. ಬಕೆಟ್ ಇಲ್ಲೇ ಇರಲಿ.

ಬಕೆಟ್ ಬರುತ್ತೆ ಎಂದೆ. ಅಕ್ಕನೂ.

ನಿಂತೇ ಬರೆಯುತ್ತಿದ್ದೇನೆ, ಮರೆಯಬಾರದೆಂದು. ಮೊದಲು ಹೇಳಬೇಕಾದ್ದು: ಗೆರೆ ಎಳೆದವಳು ನಾನು. ಈ ಸಲ ಕೊನೆಗೆ ಅಲ್ಲ, ಮೊದಲು. ಎರಡನೆಯದು, ಮೂವತ್ತೇಳು ಮನೆಯವರಿಗೆ ಹಚ್ಚಿದ 'ಅಸಡ್ಡೆ' ಎಂಬ ಪದ ಹೋಗಬೇಕು. ಬಾಗಿಲು ತೆರೆದಿದೆ, ಅಕ್ಕ ಬಕೆಟ್ ಎತ್ತಿದಳು.